ಬಚ್ಚಲಲ್ಲಿ ನೆನೆಯುತ್ತಿರುವ ಮಸೆಗಲ್ಲಿನವರಿಗೆ ಒಂದು ಬಿನ್ನಹ

ಮಾನ್ಯ ಮಸೆಗಲ್ಲಿನವರೇ,

ಜಪಾನಿನ ಟಾಕೆಫು ಊರಿನ ನಮ್ಮ ಮನೆಯ ಬಚ್ಚಲಲ್ಲಿ, ಮರದ ಬೋಗುಣಿಯ ತಣ್ಣೀರಿನೊಳಗೆ ತಾವು ಸುಖವಾಗಿ ನೆನೆಯುತ್ತಿರುವಿರೆಂದು ನಂಬಿ, ತಮಗೂ ಪಕ್ಕದಲ್ಲೇ ನೆನೆಯುತ್ತಿರುವ ಕಿರಿಯ ಕಲ್ಲುಗಳಾದ ತಮ್ಮ ಮೂವರು ತಮ್ಮಂದಿರಿಗೂ ನಡುಬಗ್ಗಿಸಿ ನಮಸ್ಕರಿಸುತ್ತೇನೆ. ನಮ್ಮಲ್ಲಿ ಸ್ನಾನಕ್ಕೆ ಮೊದಲು ಯಜಮಾನರು, ನಂತರ ತಾವು, ಕೊನೆಗೆ ನಾನು ಎಂಬ ಸರದಿ ಬಂದು ಎರಡು ವರ್ಷವಾಯಿತು. ಅದರ ಬಗ್ಗೆ ನನ್ನ ದೂರಿಲ್ಲ.

ನನ್ನ ಯಜಮಾನರಾದ ಶಿಗೆನೊಬು ಅವರು ಅಂಚೆ ಕಚೇರಿಯಿಂದ ನಿವೃತ್ತರಾದ ಮರುವಾರವೇ ತಮ್ಮನ್ನು ಮನೆಗೆ ಕರೆತಂದರು. ಅಂದಿನಿಂದ ದಿನವೂ ಮಧ್ಯಾಹ್ನ ತಮ್ಮ ಮುಂದೆ ಮಂಡಿಯೂರಿ ಕೂರುತ್ತಾರೆ. ನನ್ನ ತವರಿನ ದೇವರ ಮುಂದೆಯೂ ಅವರು ಹಾಗೆ ಕೂತದ್ದನ್ನು ನಾನು ಕಂಡಿಲ್ಲ. ಒಮ್ಮೆ ತಮ್ಮ ಮೈಮೇಲಿನ ಬೂದು ಕೆಸರನ್ನು ಕೊಳೆಯೆಂದು ತಿಳಿದು ನಾನು ತೆಂಗಿನ ನಾರಿನಿಂದ ಉಜ್ಜಿ ತೊಳೆದಾಗ, "ಅಯ್ಯೋ ಏನ್ ಮಾಡ್ಬಿಟ್ಟೆ! ಮಸೆಯೋದೇ ಆ ಕೆಸರು ಕಣೇ!" ಎಂದು ಅವರ ಕಣ್ಣಲ್ಲಿ ನೀರು ಬಂತು. ನಮ್ಮ ಮದುವೆಯಲ್ಲೂ ಬಾರದ ನೀರು.

ತಮ್ಮ ಸೇವೆಯಿಂದ ನಮ್ಮ ಚಾಕು ಎಷ್ಟು ಹರಿತವಾಗಿದೆಯೆಂದರೆ, ಅದನ್ನು ಪರೀಕ್ಷಿಸಿ ಪರೀಕ್ಷಿಸಿ ಯಜಮಾನರ ಎಡಗೈ ನುಣ್ಣಗೆ ಬೋಳಾಗಿದೆ, ಪತ್ರಿಕೆ ನನ್ನ ಕೈಗೆ ಬರುವಾಗ ಎಳೆಎಳೆಯಾಗಿರುತ್ತದೆ. ತೊಂದರೆ ಒಂದೇ. ಮಸೆದ ಚಾಕು ಒಂದು ರಾತ್ರಿ ಮಲಗಬೇಕು, ಇಲ್ಲದಿದ್ದರೆ ಅಡುಗೆಗೆ ಕಬ್ಬಿಣದ ವಾಸನೆ ಹತ್ತುತ್ತದೆ ಎಂಬುದು ಇಲ್ಲಿನ ಅಡುಗೆಯವರ ಪದ್ಧತಿ. "ಇವತ್ತು ಮುಟ್ಬೇಡ, ಮಲಗಿರ್ಲಿ" ಎನ್ನುತ್ತಾರೆ ಯಜಮಾನರು. ಬೆಳಿಗ್ಗೆ ಅದು ಏಳುವ ಮೊದಲೇ ಎತ್ತಿಟ್ಟು, ಮಧ್ಯಾಹ್ನ ಮತ್ತೆ ಮಸೆಯುತ್ತಾರೆ. ಹೀಗೆ ಊರಿನ ಅತ್ಯಂತ ಹರಿತವಾದ ಚಾಕು ಇರುವ ಮನೆಯಲ್ಲಿ ನಾವು ತೋಫುವನ್ನು ಬೆರಳಿನಿಂದ ಮುರಿದು, ಮೂಲಂಗಿಯನ್ನು ಇಡಿಯಾಗಿ ಬೇಯಿಸಿ ತಿನ್ನುತ್ತಿದ್ದೇವೆ. ಪಕ್ಕದ ಮನೆಯ ಕುನಿಎ ಬೇಲಿಯಾಚೆಯಿಂದ, "ಏನ್ರೀ ಮಸಾಯೊ, ದಿನಾ ಕರಕರ ಅಂತ ಸದ್ದು, ಯಾರನ್ನ ಕೊಯ್ಯೋಕೆ ಹೊರಟಿದ್ದಾರ್ರೀ ನಿಮ್ಮವರು?" ಎಂದಳು. "ಕೊಯ್ದರೆ ತಾನೇ ಗೊತ್ತಾಗೋದು" ಎಂದೆ.

ಇಷ್ಟನ್ನೂ ನಗುತ್ತಲೇ ಬರೆಯಬಲ್ಲೆ. ಆದರೆ ಆ ಚಾಕು ನನ್ನ ಅಮ್ಮನದು. ಕಾರ್ತಿಕದ ಚಳಿಗೆ ಪೀಪಾಯಿಗಟ್ಟಲೆ ಕೋಸನ್ನು ಉಪ್ಪಿಗೆ ಹಾಕಲು ಅವಳು ಬಳಸುತ್ತಿದ್ದದ್ದು, ಹಿಡಿಯಲ್ಲಿ ಇನ್ನೂ ಅವಳ ಹೆಬ್ಬೆರಳಿನ ಗುಳಿ ಇದೆ. ತಾವು ಬಂದಾಗ ಅಲಗು ನಾಲ್ಕು ಬೆರಳಗಲ ಇತ್ತು. ನಿನ್ನೆ ಅಳೆದೆ, ಮೂರಕ್ಕೆ ಕಡಿಮೆ. ಹಿಡಿ ಹಾಗೇ ಇದೆ, ಅಮ್ಮ ಮಾತ್ರ ದಿನದಿನವೂ ಬೂದು ನೀರಾಗಿ ಬಚ್ಚಲು ಮೋರಿಯಲ್ಲಿ ಹೋಗುತ್ತಿದ್ದಾಳೆ. ಯಜಮಾನರಿಗೆ ಹೇಳಿದರೆ, "ನಿಮ್ಮಮ್ಮನ ಚಾಕು ಅಂತಾನೇ ಕಣೇ ಇಷ್ಟು ಆಸ್ಥೆ" ಎನ್ನುತ್ತಾರೆ. ಅದು ಸುಳ್ಳಲ್ಲ, ಆದ್ದರಿಂದಲೇ ಅವರ ಮೇಲೆ ಸಿಟ್ಟಾಗಲಾರದೆ ತಮಗೆ ಬರೆಯುತ್ತಿದ್ದೇನೆ.

ಆದಕಾರಣ ತಾವು ದಯವಿಟ್ಟು ಈವರೆಗೆ ಸೇವಿಸಿದ ಒಂದು ಬೆರಳಿಗೂ ಮಿಕ್ಕ ಉಕ್ಕನ್ನು ಕೆಸರಿನಿಂದ ಸೋಸಿ ಹಿಂದಿರುಗಿಸಬೇಕು. ಅದಾಗದಿದ್ದರೆ ಸ್ವಲ್ಪ ಮೆತ್ತಗಾಗಬೇಕು. ಅದೂ ಆಗದಿದ್ದರೆ, ಕುನಿಎ ಕೊಟ್ಟ ಹನ್ನೆರಡು ಕೋಸು ಹತ್ತು ದಿನದಿಂದ ಜಗಲಿಯಲ್ಲಿ ಬಾಡುತ್ತಿವೆ ಎಂಬುದನ್ನಾದರೂ ಗಮನಿಸಬೇಕೆಂದು ಕೋರುವ,

ತಮ್ಮ ವಿಶ್ವಾಸಿ,
ಮಸಾಯೊ
(ಸ್ನಾನದಲ್ಲಿ ಮೂರನೆಯವಳು)

ಮರೆತ ಮಾತು: ಈ ಪತ್ರಕ್ಕೆ ಉತ್ತರ ಬಾರದ್ದರಿಂದ, ಇಂದು ಬೆಳಿಗ್ಗೆ ಯಜಮಾನರು ಪೇಟೆಗೆ ಹೋದಾಗ ಮಲಗಿದ್ದ ಚಾಕುವನ್ನು ಎಬ್ಬಿಸಿ ಹನ್ನೆರಡೂ ಕೋಸು ಸೀಳಿ ಪೀಪಾಯಿಯಲ್ಲಿ ಉಪ್ಪಿಗೆ ಹಾಕಿದೆ. ಬೆಣ್ಣೆಯಂತೆ ಹೋಯಿತು, ಅದನ್ನು ಒಪ್ಪಲೇಬೇಕು. ಕಬ್ಬಿಣದ ವಾಸನೆ ಬರಲಿಲ್ಲ. ಪೀಪಾಯಿಯೊಳಗೆ ಕೋಸಿನ ಮೇಲೆ ಹೇರಲು ಭಾರ ಬೇಕಿತ್ತು. ತಾವು ಈ ಸಾಲುಗಳನ್ನು ಓದುವ ಹೊತ್ತಿಗೆ ತಮ್ಮಂದಿರ ಸಮೇತ ಮುಚ್ಚಳದ ಕೆಳಗೆ, ಉಪ್ಪುನೀರಿನಲ್ಲಿರುತ್ತೀರಿ. ಯಜಮಾನರು ಈಗ ಬಚ್ಚಲಲ್ಲಿ ತಡಕಾಡುತ್ತಿದ್ದಾರೆ. ಹೊಸ ವರ್ಷದವರೆಗೆ ಮುಚ್ಚಳ ತೆಗೆಯಬಾರದೆಂಬುದು ಅಮ್ಮನ ಕಟ್ಟಳೆ. ಕೋಸೂ ಮಲಗಬೇಕಲ್ಲ.