ಗೋಡೆಯಾಚೆಯ ಸೇವಂತಿಗೆ

ಹೊಟ್ಟೆಕಿಚ್ಚು ಪಡುವುದಕ್ಕೂ ಮನುಷ್ಯನಿಗೆ ಒಂದು ಅಂತಸ್ತು ಬೇಕು ಎಂದು ನನಗೆ ಆಗಾಗ ಅನ್ನಿಸುತ್ತದೆ. ಪಕ್ಕದವನು ಕಾರು ಕೊಂಡ, ಮೇಲೊಂದು ಮಹಡಿ ಎಬ್ಬಿಸಿದ ಎಂದು ನಿದ್ದೆಗೆಟ್ಟವನನ್ನು ನೋಡಿದರೆ ನಾಲ್ಕು ಜನ ಅಯ್ಯೋ ಅಂತಾರೆ. ನನ್ನ ನಿದ್ದೆ ಕೆಡಿಸಿದ್ದು ಸೇವಂತಿಗೆ ಹೂವು. ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಎದೆ ಉರಿ ಎಂದು ಡಾಕ್ಟರ ಬಳಿ ಹೋದರೆ ಗ್ಯಾಸಿನ ಮಾತ್ರೆ ಬರೆದುಕೊಟ್ಟಾರು. ಹೆಂಡತಿಗಂತೂ ಹೇಳುವ ಹಾಗೇ ಇಲ್ಲ, ಏಕೆಂದರೆ ಆ ಹೂವುಗಳನ್ನು ಊರಿಗೆಲ್ಲ ಹೊಗಳಿಕೊಂಡು ಬರುವವಳೇ ಅವಳು.

ಹೂವು ಬಸವರಾಜಪ್ಪನವರದು. ಆಂಧ್ರದ ಗಡಿಯ ರಾಯದುರ್ಗದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಸೊಂಟದೆತ್ತರದ ಒಂದು ಗೋಡೆ. ಅವರದು ದಾರ, ಜಿಪ್ಪು, ಗುಂಡಿಗಳ ಅಂಗಡಿ. ನಾನು ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಸೂಪರ್‌ವೈಸರ್. ಅವರ ಜಿಪ್ಪು ನಮ್ಮ ಪ್ಯಾಂಟಿಗೆ ಬರುತ್ತದೆ. ಅಷ್ಟರ ಮಟ್ಟಿಗೆ ಸಂಬಂಧ ಚೆನ್ನಾಗಿಯೇ ಇತ್ತು. ಆದರೆ ಕಾರ್ತಿಕ ಕಳೆದು ಕೋಟೆ ಬೆಟ್ಟದ ಕಡೆಯಿಂದ ತಣ್ಣನೆಯ ಗಾಳಿ ಇಳಿಯಲು ಶುರುವಾಯಿತೆಂದರೆ ಅವರ ಅಂಗಳ ಬೇರೆಯೇ ಲೋಕ. ಹಳದಿ, ಬಿಳಿ, ಮಾವಿನ ಹಣ್ಣಿನ ಬಣ್ಣದ ಸೇವಂತಿಗೆ; ಗೇಟಿನ ಎರಡೂ ಬದಿಗೆ ಚೆಂಡುಹೂವು; ನಡುವೆ ಅವರ ಮನೆಯವರು ಇಡುವ ದೊಡ್ಡ ರಂಗೋಲಿ. ಬೆಳಗಿನ ವಾಕಿಂಗಿಗೆ ಹೊರಟವರು ಅಲ್ಲಿ ನಿಂತು "ಅಬ್ಬಾ, ಎಂತ ಬಾಗುಂದೋ!" ಎಂದು ತೆಲುಗಿನಲ್ಲಿ ಮೆಚ್ಚಿಕೊಂಡು, ಮುಂದಿನ ಮನೆಯಾದ ನಮ್ಮದರ ಎದುರು ಬಂದಾಗ ಹೆಜ್ಜೆ ಚುರುಕು ಮಾಡುತ್ತಿದ್ದರು. ನಮ್ಮ ಅಂಗಳದಲ್ಲಿದ್ದದ್ದು ಒಂದು ತುಳಸಿ, ಒಂದು ಮೋಟರ್ ಬೈಕು, ಮತ್ತು ಒಣಗಲು ಹಾಕಿದ ನನ್ನ ಬನಿಯನ್ನುಗಳು.

ಇಷ್ಟನ್ನು ಹೇಗೋ ಸಹಿಸಿಕೊಂಡಿದ್ದೆ. ಅಷ್ಟರಲ್ಲಿ ಮಗಳು ಸುಮಳಿಗೆ ಬಳ್ಳಾರಿಯ ಸಂಬಂಧ ಕೂಡಿ ಬಂತು. ಮದುವೆ ಮಾತು ಮುಗಿದ ದಿನ ಅವಳು ಬಲು ಸಹಜವಾಗಿ, "ಅಪ್ಪಾ, ಚಳಿಗಾಲದಾಗ ನಿಶ್ಚಿತಾರ್ಥ ಅಲ್ಲೇನು? ಫೋಟೋ ಎಲ್ಲಾ ಬಸವರಾಜ ಅಂಕಲ್ ಅಂಗಳದಾಗ ತೆಗಿಸೋಣ" ಅಂದಳು. ಹೆತ್ತ ತಂದೆ ಇಲ್ಲಿರುವಾಗ ಮಗಳು ಗೋಡೆಯಾಚೆ ಹೋಗಿ ನಗುವುದೇ? ಈ ಚಳಿಗಾಲ ನಮ್ಮ ಅಂಗಳದಲ್ಲೇ ಹೂವು ಅರಳಬೇಕು ಎಂದು ನಾನು ತೀರ್ಮಾನಿಸಿಬಿಟ್ಟೆ.

ಶ್ರಾವಣದಲ್ಲೇ ಬಳ್ಳಾರಿಯ ನರ್ಸರಿಯಿಂದ ಸೇವಂತಿಗೆ ಸಸಿಗಳನ್ನು ಬಸ್ಸಿನಲ್ಲಿ ಮಡಿಲ ಮೇಲೆ ಕೂರಿಸಿಕೊಂಡು ತಂದೆ. ಎಲ್ಲಾ ಚಿಗುರಿದವು. ದಸರಾ ಹತ್ತಿರ ಬರುತ್ತಿದ್ದಂತೆ ಬಸವರಾಜಪ್ಪನವರ ಗಿಡಗಳಿಗಿಂತ ಎತ್ತರಕ್ಕೆ ಬೆಳೆದು ನಿಂತು, ತುದಿಯಲ್ಲಿ ಮೊಗ್ಗನ್ನೂ ಕಚ್ಚಿದವು. ನಾನು ಬೇಕೆಂದೇ ಕುಂಡಗಳನ್ನು ಗೋಡೆಯ ಪಕ್ಕಕ್ಕೆ ಜರುಗಿಸಿ, ಅವರು ಹಲ್ಲುಜ್ಜಲು ಹೊರಗೆ ಬರುವ ಹೊತ್ತಿಗೆ ಸರಿಯಾಗಿ ನೀರು ಹಾಕತೊಡಗಿದೆ.

ಅವರು ಬ್ರಷ್ಷು ಬಾಯಿಯಿಂದ ತೆಗೆದು, "ಗಿಡ ಭೇಷ್ ಅದಾವ್ರಿ. ಆದ್ರ ಈಗ ಬಂದ ಮೊಗ್ಗು, ತುದಿ ಎಲ್ಲಾ ಚಿವುಟಿ ಹಾಕ್ರಿ" ಅಂದರು.

"ಯಾಕ್ರೀ ಚಿವುಟಬೇಕು?"

"ಚಿವುಟಿದ್ರ ಬಗಲಿಗೆ ಕವಲು ಒಡಿತಾವ್ರಿ. ಚಳಿಗಾಲದಾಗ ಗಿಡದ ತುಂಬ ಹೂವು."

ನಾನು ಹೌದ್ರಿ ಹೌದ್ರಿ ಎಂದು ತಲೆಯಾಡಿಸಿದೆ. ಒಳಗೊಳಗೆ ನಕ್ಕೆ. ಎಂಥ ಚಾಲಾಕಿ ಮನುಷ್ಯ! ತಾನಾಗಿ ಬಂದು ನನ್ನ ಮೊಗ್ಗು ಕೀಳಲಾಗುವುದಿಲ್ಲ, ಅದಕ್ಕೆ ನನ್ನ ಕೈಯಿಂದಲೇ ಕೀಳಿಸುವ ಉಪಾಯ. ಹೆಂಡತಿಗೆ ಹೇಳಿದರೆ ಅವಳು, "ಅಲ್ಲಾ ಕಣ್ರೀ, ಅವರಿಗೆ ಗೊತ್ತಿರಾಕಿಲ್ವಾ? ಸುಮ್ನೆ ಚಿವುಟಬಾರ್ದಾ?" ಅಂದಳು. ಅವಳು ಮಡಕಶಿರಾ ಕಡೆಯ ಗುಡಿಬಂಡೆಯವಳು. ಎದುರು ಪಕ್ಷದ ಮಾತನ್ನು ನಂಬುವುದು ಆ ಕಡೆಯವರ ದೊಡ್ಡ ಗುಣ. ನಾನು ಒಂದು ಮೊಗ್ಗನ್ನೂ ಮುಟ್ಟಲಿಲ್ಲ. ಅವು ಅರಳಿದವು ಕೂಡ. ಆದರೆ ಚಳಿ ಬಿದ್ದ ಮೇಲೆ ನೋಡುತ್ತೇನೆ, ಒಂದೊಂದು ಗಿಡವೂ ಕೊಡೆಯ ಕಡ್ಡಿಯ ಹಾಗೆ ಸೊರಗಿ ನಿಂತಿದೆ, ತುದಿಯಲ್ಲಿ ತಲೆಬಾಗಿದ ಒಂಟಿ ಹೂವು. ಗೋಡೆಯಾಚೆ ಮಾತ್ರ ಎಲೆ ಕಾಣದಷ್ಟು ಹಳದಿ. ಹೊಲಿಗೆ ಯೂನಿಟ್ಟಿನಲ್ಲಿ ಆ ವಾರ ನಾನು ಸರಿಯಾಗಿದ್ದ ಪ್ಯಾಂಟುಗಳನ್ನೂ ವಾಪಸ್ ಕಳಿಸಿದೆನಂತೆ.

ಧನುರ್ಮಾಸ ಹಿಡಿಯುವುದರೊಳಗೆ ನಿಶ್ಚಿತಾರ್ಥ ಮುಗಿಯಬೇಕಿತ್ತು. ಅಂದು ಬೆಳಿಗ್ಗೆ ಬಾಗಿಲು ತೆಗೆದರೆ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ನಮ್ಮ ಅಂಗಳದ ತುಂಬ ಸೇವಂತಿಗೆ! ಬಸವರಾಜಪ್ಪನವರು ಮಫ್ಲರ್ ಸುತ್ತಿಕೊಂಡು, ಕೊನೆಯ ಕುಂಡವನ್ನು ನಮ್ಮ ಮೆಟ್ಟಿಲ ಮೇಲೆ ಇಡುತ್ತಿದ್ದರು. ಹಿಂದಿನ ಸಂಜೆ ನನ್ನ ಹೆಂಡತಿ ಹೋಗಿ ಕೇಳಿದ್ದಳಂತೆ.

"ನಮ್ಮ ಸುಮನ ನಿಶ್ಚಿತಾರ್ಥ ಅಲ್ಲೇನ್ರಿ. ಹೂವು ಇಲ್ಲಿದ್ರೇನು, ಅಲ್ಲಿದ್ರೇನು" ಅಂದರು.

ಒಬ್ಬ ಮನುಷ್ಯನ ಮೇಲೆ ಹೊಟ್ಟೆಕಿಚ್ಚು ಪಡುತ್ತಿರುವಾಗ ಅವನು ಒಳ್ಳೆಯವನಾಗಿಬಿಟ್ಟರೆ ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿಲ್ಲ. ಥ್ಯಾಂಕ್ಸ್ ಹೇಳಲು ಬಾಯಿ ತೆರೆದರೆ ಆಕಳಿಕೆ ಬಂತು. ನನ್ನ ಒಂಟಿ ಹೂವಿನ ಗಿಡಗಳನ್ನು ಅವರೇ ಮರ್ಯಾದೆಯಿಂದ ಬಚ್ಚಲಮನೆಯ ಹಿಂದಕ್ಕೆ ಸಾಗಿಸಿದರು.

ಬೀಗರು ಬಂದರು. ಕಾರಿನಿಂದ ಇಳಿದವರು ಒಳಗೆ ಬರಲೇ ಇಲ್ಲ, ಅಂಗಳದಲ್ಲೇ ನಿಂತುಬಿಟ್ಟರು. "ಏನ್ರೀ ಬೀಗರ, ಇಷ್ಟೊಂದು ಹೂವು! ನೀವ ಬೆಳೆಸಿದ್ದೇನು?" ಎಂದು ಬಾಯಿ ಬಿಟ್ಟರು. ಬಸವರಾಜಪ್ಪನವರು ಅಲ್ಲೇ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದರು. ನಾನು ಹೌದೆನ್ನಲಿಲ್ಲ. ಅಲ್ಲವೆನ್ನಲೂ ಇಲ್ಲ. "ಚಳಿಗಾಲ ಬಂತಂದ್ರ ಹೂವು ಇರಬೇಕು ನೋಡ್ರಿ" ಅಂದೆ. ಬಸವರಾಜಪ್ಪನವರು ಉಪ್ಪಿಟ್ಟಿನಲ್ಲಿ ಮೆಣಸಿನಕಾಯಿ ಹುಡುಕತೊಡಗಿದರು.

ಬೀಗರು ಬಿಡಲಿಲ್ಲ. ಇಷ್ಟು ಹೂವು ಬರಲು ಏನು ಮಾಡಬೇಕು ಎಂದು ಪಟ್ಟು ಹಿಡಿದರು. ನನಗೆ ಗೊತ್ತಿದ್ದದ್ದು ಒಂದೇ ಮಾತು. ಬಹಳ ವರ್ಷದ ಅನುಭವಿಯ ಹಾಗೆ ದನಿ ತಗ್ಗಿಸಿ, "ಮೊದಲು ಬಂದ ಮೊಗ್ಗು ಚಿವುಟಿ ಹಾಕ್ರಿ. ಮನಸ್ಸು ಗಟ್ಟಿ ಮಾಡ್ಕೊಬೇಕು" ಅಂದೆ. ಸುಮ ನಮ್ಮ ಅಂಗಳದಲ್ಲೇ ನಿಂತು ಫೋಟೋ ತೆಗೆಸಿಕೊಂಡಳು. ಮರುದಿನ ಕುಂಡಗಳೆಲ್ಲ ಗೋಡೆಯಾಚೆಗೆ ಮರಳಿದವು.

ಮದುವೆ ಬೇಸಿಗೆಯಲ್ಲಿ ಬಳ್ಳಾರಿಯಲ್ಲೇ ಆಯಿತು. ಈಗ ಮತ್ತೆ ಚಳಿಗಾಲ. ಬೀಗರು ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದಾರೆ. ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಅವರ ಅಂಗಳದ ಫೋಟೋ. ಗಿಡದ ತುಂಬ ಸೇವಂತಿಗೆ, ಅದರ ಪಕ್ಕ ನಗುತ್ತಿರುವ ನನ್ನ ಮಗಳು, ಕೆಳಗೆ "ಎಲ್ಲಾ ನಿಮ್ಮ ಆಶೀರ್ವಾದ" ಎಂಬ ಸಾಲು. ಮೊದಲು ಒಂದು ಗೋಡೆಯಾಚೆಗಿದ್ದ ನನ್ನ ಉರಿ ಈಗ ಬಳ್ಳಾರಿಯವರೆಗೂ ಹಬ್ಬಿದೆ. ಮೊನ್ನೆಯಂತೂ ಅವರು ಫೋನ್ ಮಾಡಿ, "ಗುರುಗಳ ಅಂಗಳ ಈ ವರ್ಷ ಹೆಂಗೈತ್ರಿ? ಒಂದು ಫೋಟೋ ಹಾಕ್ರಿ" ಅಂದರು.

ಹಾಕದೆ ಇದ್ದರೆ ಮರ್ಯಾದೆ ಏನಾಗಬೇಕು? ಬಿಸಿಲು ಏರುವ ಮೊದಲೇ ಮೊಬೈಲು ಹಿಡಿದು ಗೋಡೆಯ ಬಳಿ ಹೋದೆ. ಬಸವರಾಜಪ್ಪನವರು ಗಿಡಗಳ ನಡುವೆ ನಿಂತಿದ್ದರು. ನನ್ನನ್ನು ನೋಡಿ ಸಂತೋಷದಿಂದ ಅಂಗಿ ಸರಿಮಾಡಿಕೊಂಡು, "ನಾನೂ ನಿಂದರಲೇನ್ರಿ?" ಎಂದರು.

"ಬ್ಯಾಡ್ರಿ," ಅಂದೆ ನಾನು, "ಸ್ವಲ್ಪ ಆ ಕಡೆ ಸರೀರಿ. ಅಂಗಳ ಪೂರ್ತಿ ಬರಬೇಕು."