ನಾನು ಹೊಲಿದ ಭರತನಾಟ್ಯ

ನಮ್ಮ ಚಿಕ್ಕೋಡಿಯ ಓಣಿಯಲ್ಲಿ ಹೊಲಿಗೆಯ ಮಟ್ಟಿಗೆ ನನ್ನ ಮಾತೇ ಕೊನೆಯ ಮಾತಾಗಿತ್ತು. ಕುಪ್ಪಸ, ಲಂಗ, ಗಂಡನ ಪೈಜಾಮ, ಯಾವುದಕ್ಕೂ ದರ್ಜಿಯ ಅಂಗಡಿ ಹತ್ತಿದವಳಲ್ಲ. ಹೀಗಿರುವಾಗ ಮಗಳು ಸವಿತಾ ಸುತ್ತಲಿನ ತಾಲೂಕುಗಳ ಸ್ಪರ್ಧೆಯಲ್ಲಿ ಭರತನಾಟ್ಯ ಮಾಡುವುದೆಂದು ನಿಶ್ಚಯವಾಯಿತು. ಗೆದ್ದರೆ ಬೆಳಗಾವಿ! ಹುಡುಗಿ ಊಟ ಮಾಡುವಾಗಲೂ ಕಾಲು ಕುಣಿಸುತ್ತಿದ್ದಳು. ಉಡುಪು ನಾನೇ ಹೊಲಿಯುವುದೆಂದು ಘೋಷಿಸಿದೆ.

"ಭರತನಾಟ್ಯ ಅಂದ್ರ ಏನಂತ ಗೊತ್ತೈತೇನ ನಿನಗ?" ಎಂದರು ಯಜಮಾನರು.

"ಯಾಕ ಗೊತ್ತಿಲ್ರಿ? ಮೊದಲ ಸವಿತಾ ನಿಪ್ಪಾಣಿಯ ಡ್ಯಾನ್ಸ್ ಟೀಚರ್ ಬಾಯಿಯವರ ಕಡೆ ಕಥಕ್ ಕಲಿಯೂಮುಂದ ದಿನಾ ಕುಂತು ನೋಡೀನಿ. ಕಥಕ್ ಆದ್ರೇನು, ಭರತನಾಟ್ಯ ಆದ್ರೇನು? ಕಾಲಾಗ ಗೆಜ್ಜಿ, ಕೈಯಾಗ ಮುದ್ರಿ!"

ನನ್ನ ನಾಟ್ಯಶಾಸ್ತ್ರ ಅಲ್ಲಿಗೆ ಸಂಪೂರ್ಣ.

ಕಥಕ್‌ನಲ್ಲಿ ಸವಿತಾ ಕಂಬದಂತೆ ನೆಟ್ಟಗೆ ನಿಂತು ಕಾಲು ಬಡಿಯುತ್ತಿದ್ದಳು, ಗಿರ್ರನೆ ತಿರುಗುತ್ತಿದ್ದಳು. ಅದೇ ನೆನಪಿನಲ್ಲಿ ಅವಳನ್ನು ನೆಟ್ಟಗೆ ನಿಲ್ಲಿಸಿ ಅಳತೆ ತೆಗೆದೆ. ಕಾಲುಗಳ ನಡುವೆ ಬೀಸಣಿಕೆಯಂಥ ನಿರಿಗೆ ಇರಬೇಕೆಂದು ಈಗ ಭರತನಾಟ್ಯ ಕಲಿಸುತ್ತಿದ್ದ ಅಕ್ಕೋರು ಹೇಳಿ ಕಳಿಸಿದ್ದರು. ನಿರಿಗೆ ಹಿಡಿದೆ, ಇಸ್ತ್ರಿ ಹಾಕಿದೆ. ಆದರೆ ಕುಣಿಯುವಾಗ ಬಿಚ್ಚಿಕೊಂಡರೆ? ಕಚ್ಚೆ ಸೀರೆಯ ಅತ್ತೆಯ ಕೈಯಲ್ಲಿ ಪಳಗಿದವಳು ನಾನು. ನಮ್ಮಲ್ಲಿ ಬಿಚ್ಚಿದ ನಿರಿಗೆ ಮನೆತನದ ಮಾನದ ಪ್ರಶ್ನೆ. ಒಳಗಿನಿಂದ ದಪ್ಪ ದಾರ ಹಾಕಿ ಮಡಿಕೆಗೆ ಮಡಿಕೆ ಸೇರಿಸಿ ಹೊಲಿದುಬಿಟ್ಟೆ. ಬಿರುಗಾಳಿ ಬಂದರೂ ಅಲುಗಬಾರದು!

"ಅವ್ವಾ, ಒಮ್ಮಿ ಹಾಕ್ಕೊಂಡು ಕುಣದು ನೋಡ್ತೀನಿ."

"ಬ್ಯಾಡವಾ, ರೇಶಿಮಿ ಐತಿ, ಬೆವರು ಹತ್ತತೈತಿ. ಸ್ಟೇಜಿಗೆ ಹೋಗೂಮುಂದ ಹಾಕ್ಕೊ."

ಸ್ಪರ್ಧೆಯ ದಿನ ಪಕ್ಕದ ಮನೆಯ ಪದ್ಮಕ್ಕನನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕುಳಿತೆ. ಕ್ಯಾಸೆಟ್ ಹಾಡಿತು. ಸವಿತಾ ಮಂಡಿಗಳನ್ನು ಹೊರಕ್ಕೆ ಬಾಗಿಸಿ ಅರ್ಧ ಕೂರಲು ಹೋದಳು. ಅರ್ಧದ ಅರ್ಧಕ್ಕೇ ನಿಂತಳು. ಭರತನಾಟ್ಯವೆಲ್ಲ ಆ ಅರ್ಧ ಕೂರುವುದರಲ್ಲೇ ಇದೆಯಂತೆ. ಆಗ ಬೀಸಣಿಕೆ ಬಿಚ್ಚಿಕೊಳ್ಳಬೇಕಂತೆ! ನನಗದು ತಿಳಿದದ್ದು ಅಲ್ಲೇ, ಮುಂದಿನ ಸಾಲಿನಲ್ಲಿ.

"ಹುಡುಗಿಗೆ ಮಣಕಾಲ ಬ್ಯಾನಿ ಐತೇನ?" ಪದ್ಮಕ್ಕ ಕೇಳಿದಳು.

"ಸುಮ್ಮ ಕುಂದರ ಯಕ್ಕಾ. ಅದು ಹಂಗ ಇರತೈತಿ."

ಸವಿತಾ ಇನ್ನಷ್ಟು ಒತ್ತಿ ಕೂತಳು. ಪರ್ರ್! ನನ್ನ ಹೊಲಿಗೆ ಬಿಚ್ಚಲಿಲ್ಲ. ಅದರ ಪಕ್ಕದ ರೇಶ್ಮೆಯೇ ಹರಿಯಿತು!

ಹುಡುಗಿ ಒಂದು ಕ್ಷಣ ನನ್ನತ್ತ ನೋಡಿದಳು. ಆಮೇಲೆ ನೆಟ್ಟಗೆ ನಿಂತು, ಭರತನಾಟ್ಯದ ಹಾಡಿಗೆ ಕಥಕ್ ಶುರುಮಾಡಿದಳು. ಹರಿದ ಕಡೆ ಯಾರ ಕಣ್ಣೂ ನಿಲ್ಲದಂತೆ ಗಿರಗಿರನೆ ತಿರುಗಿದಳು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಬೇರೇನು ಮಾಡಲಿ?

"ಕಥಕ್ ಭಾಳ ಚಲೋ ಮಾಡಿದಿ ತಂಗಿ. ಆದ್ರ ನೀ ಹೆಸರು ಕೊಟ್ಟಿದ್ದು ಭರತನಾಟ್ಯಕ್ಕ" ಎಂದರು ತೀರ್ಪುಗಾರರು. ಬೆಳಗಾವಿಗೆ ರಾಯಬಾಗದ ಹುಡುಗಿ ಹೋದಳು.

ಮನೆಯ ಹೊಸ್ತಿಲು ದಾಟಿದ ಮೇಲೆ ಸವಿತಾ ಕೇಳಿದಳು: "ಎರಡೂ ಬ್ಯಾರೆ ಬ್ಯಾರೆ ಅಂತ ಈಗರ ಗೊತ್ತಾತಿಲ್ಲೋ ಅವ್ವಾ?"

ಗೊತ್ತಾಯಿತು. ಪದ್ಮಕ್ಕನ ದಯೆಯಿಂದ ಓಣಿಗೂ ಗೊತ್ತಾಯಿತು. ಹಾಗಂತ ನನ್ನ ಮಶೀನು ಸುಮ್ಮನೆ ಕೂತಿಲ್ಲ. ಈಗಲೂ ಜನ ಹೊಲಿಯಲು ಬಟ್ಟೆ ತಂದುಕೊಡುತ್ತಾರೆ. ಬರೀ ತಲೆದಿಂಬಿನ ಗವಸು.

ತಲೆದಿಂಬು ಕುಣಿಯುವುದಿಲ್ಲವಲ್ಲ!