ಬೈದರೆ ಹಸಿರು, ಹೊಗಳಿದರೆ ಕೆಂಪು

ಈ ಕತೆ ನನಗಿಂತ ಚೆನ್ನಾಗಿ ಹೇಳುವವರು ಬ್ಯಾಲರಾಟ್ ಊರಿನ ಆ ಬಸ್ ಡಿಪೋದಲ್ಲೇ ಇದ್ದಾರೆ. ಆದರೂ ಧೈರ್ಯ ಮಾಡಿದ್ದೇನೆ, ಕ್ಷಮೆಯಿರಲಿ.

ಕೀತ್ ಪೆಂಗೆಲಿಗೆ ಅಂದು ಸಂಜೆ ಡಿಪೋ ಮೇಲ್ವಿಚಾರಕನ ಹುದ್ದೆ ಸಿಗುವುದಿತ್ತು. ಅಂದೇ ಬೆಳಗ್ಗೆ, ಮಂಡಿಯ ಆಪರೇಷನ್ ಮಾಡಿಸಿಕೊಂಡು ಮಲಗಿದ್ದ ಗೆಳೆಯ ಮರ್ವ್‌ಗೆ ಅವನು ಕಚೇರಿಯ ಫೋನಿನಿಂದ ಸಂದೇಶ ಕಳಿಸಿದ: "ಇನ್ನೂ ಬದುಕಿದ್ದೀಯೇನೋ ದರಿದ್ರ? ನೀನಿಲ್ದೆ ಡಿಪೋ ತಂಪಾಗಿದೆ. ವಾಪಸ್ ಬರ್ಬೇಡ."

ಪ್ರೀತಿ ಉಕ್ಕಿದಾಗ ಆ ಡಿಪೋದವರು ಬರೆಯುವುದೇ ಹೀಗೆ. ಆದರೆ ಸಂದೇಶಗಳ ಭಾವನೆ ಅಳೆಯಲೆಂದು ಕಂಪನಿ ಹೊಸದಾಗಿ ತಂದಿದ್ದ ತಂತ್ರಾಂಶಕ್ಕೆ ಅದೆಲ್ಲಿ ಗೊತ್ತು? "ತೀವ್ರ ದ್ವೇಷ" ಎಂದು ಕೆಂಪು ದೀಪ ಹಚ್ಚಿ, ಸೀದಾ ಮ್ಯಾನೇಜರ್ ಲೊರೇನ್‌ಗೆ ಚಾಡಿ ಹೇಳಿತು. ಲೊರೇನ್ ಕಳೆದ ಚಳಿಗಾಲ ವರ್ಗವಾಗಿ ಬಂದವಳು. ಎಲ್ಲರೂ ಅವಳೊಡನೆ ಬಹಳ ಮರ್ಯಾದೆಯಿಂದ, ಅಂದರೆ ದೂರದಿಂದ, ಮಾತಾಡುತ್ತಿದ್ದರು. ಹುದ್ದೆ ಯಾರಿಗೆಂದು ತಾನು ತೀರ್ಮಾನಿಸುವ ಮೊದಲು, ಸಂಜೆಯೊಳಗೆ, ವಿವರಣೆ ಬೇಕು ಎಂದಳು.

ಕೇಳದಿದ್ದರೂ ಸಲಹೆ ಕೊಡುವ ಟಿಕೆಟ್ ವಿಭಾಗದ ಶೋನಾ ಓಡಿ ಬಂದಳು. ಒಂದೇ ಮಾತು ಕೇಳಿದರೆ ಆ ತಂತ್ರಾಂಶಕ್ಕೇನು ತಿಳಿಯಬೇಕು, ಹಿಂದುಮುಂದಿನದನ್ನೂ ಓದಿಸು ಎಂದಳು. ಕೀತ್ ಡಿಪೋದ ಹಳೆಯ ಸಂದೇಶಗಳನ್ನೆಲ್ಲ ಅದರ ಬಾಯಿಗೆ ಸುರಿದ. ಹೊಸ ಸೊಸೆಯಂತೆ ಮನೆಯ ರೀತಿನೀತಿ ಕಲಿತ ತಂತ್ರಾಂಶ ಹಸಿರಾಯಿತು: "ಗಾಢ ಸ್ನೇಹ."

ಖುಷಿಯಲ್ಲಿ ಕೀತ್ ಲೊರೇನ್‌ಗೆ ಬರೆದ: "ನಿಮ್ಮ ತಾಳ್ಮೆಗೆ ಹೃತ್ಪೂರ್ವಕ ಧನ್ಯವಾದಗಳು."

ಮತ್ತೆ ಕೆಂಪು. "ಅದುಮಿಟ್ಟ ಕೋಪ." ತಂತ್ರಾಂಶದ್ದೂ ತಪ್ಪಲ್ಲ, ಕೀತ್ ಈವರೆಗೆ ಹೃತ್ಪೂರ್ವಕ ಧನ್ಯವಾದ ಹೇಳಿದ್ದು ಡಿಪೋದ ಬಸ್ಸಿಗೆ ಗುದ್ದಿದ ಲಾರಿಯವನಿಗೆ ಮಾತ್ರ.

"ಅಯ್ಯೋ ಪುಣ್ಯಾತ್ಮ, ಮರ್ಯಾದೆ ಕೊಟ್ರೆ ಕೆಲ್ಸ ಕೆಡತ್ತೆ," ಎಂದಳು ಶೋನಾ. "ನೆಟ್ಟಗೆ ಬೈದು ಬರಿ."

ಕೀತ್ ಬೆವರುತ್ತ ಬರೆದ: "ಏ ಮುದಿ ಗೂಬೆ, ನೀನು ಬಂದ್ಮೇಲೆ ಇಲ್ಲಿ ಟೀ ಕೂಡ ಕಹಿ."

ಹಸಿರು. "ಅಪಾರ ಅಕ್ಕರೆ."

ಸಂದೇಶ ಓದುವವಳು ಯಂತ್ರವಲ್ಲ, ಲೊರೇನ್ ಎಂಬುದು ಇಬ್ಬರಿಗೂ ಆಮೇಲೆ ಹೊಳೆಯಿತು. ಅಷ್ಟರಲ್ಲಿ ಅವಳ ಉತ್ತರ ಬಂತು: "ಧನ್ಯವಾದಗಳು, ಕೀತ್. ಬಹಳ ಸಂತೋಷವಾಯಿತು."

ಕೀತ್ ಅದನ್ನು ಎರಡು ಸಲ ಓದಿದ. ಇಷ್ಟು ಮರ್ಯಾದೆಗೆ ಆ ಡಿಪೋದಲ್ಲಿ ಏನರ್ಥವೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮುಖಭಂಗವಾಗುವ ಮೊದಲೇ ಹುದ್ದೆಯ ಅರ್ಜಿ ವಾಪಸ್ ತೆಗೆದುಕೊಂಡ.

ಸಂಜೆ ಆ ಹುದ್ದೆ, ಅರ್ಜಿ ಹಾಕಿದವರಲ್ಲಿ ಉಳಿದಿದ್ದ ಶೋನಾಗೆ ಸಿಕ್ಕಿತು. ಅವಳು ನೇರ ಕೀತ್ ಬಳಿ ಬಂದು ಕೂತಳು.

"ಲೊರೇನ್ ನಿನ್ ಹೆಸ್ರೇ ಬರೆದಿಟ್ಟಿದ್ಳು ಕಣೋ. ನಿನ್ ಬೈಗುಳ ಓದಿ, 'ಅಂತೂ ನನ್ನನ್ನೂ ನಿಮ್ಮವಳು ಅಂದ್ಕೊಂಡ್ರಲ್ಲ' ಅಂದ್ಲು."

ಯಾವ ಧಾಟಿಯಲ್ಲಿ ಅಂದಳು, ನಗುತ್ತಲೋ ಹಲ್ಲು ಕಡಿಯುತ್ತಲೋ, ಎಂದು ಕೀತ್ ಕೇಳಿದ. ಶೋನಾ ಗಮನಿಸಿರಲಿಲ್ಲ.

ನನಗೂ ಗೊತ್ತಿಲ್ಲ.